ಹಳದಿ ಬಸ್ಸಿನ ಕೈ

ಶಾರ್ಜಾದ ಗುಜರಿ ಅಂಗಳದಲ್ಲಿ ಕೊಂಡದ್ದು,
ಹದಿನೇಳು ವರ್ಷ ನಾನೇ ಓಡಿಸಿದ ಸ್ಕೂಲ್ ಬಸ್ಸು.
ಸೀಟು ಕಿತ್ತೆ. ಮಂಚ ಕೂರಿಸಿದೆ. ಗ್ಯಾಸಿನ ಒಲೆ,
ಸೆವ್ರಿನ್ ಹೊಲಿದ ಪರದೆ, ನೆತ್ತಿಯ ಮೇಲೊಂದು ನೀರಿನ ಟ್ಯಾಂಕಿ.
ಬಿಳಿ ಬಣ್ಣ ಎರಡು ಸಲ ಬಳಿದರೂ
ಬಿಸಿಲಿಗೆ ಹಳದಿ ಒಳಗಿಂದ ಇಣುಕುತ್ತದೆ
ಹಳೆಯ ಜ್ವರದ ಹಾಗೆ.

ಎಲ್ಲ ತೆಗೆದವನು ಒಂದನ್ನು ಮಾತ್ರ ಬಿಟ್ಟೆ:
ಡ್ರೈವರನ ಕಿಟಕಿಯ ಕೆಳಗೆ ಮಡಚಿಕೊಂಡ
ಎಂಟು ಮೂಲೆಯ ಕೆಂಪು ಫಲಕ, 'ನಿಲ್ಲು'.
"ಇದ್ಯಾಕೆ ಮತ್ತೆ?"
"ಇರಲಿ ಮಾರಾಯ್ತಿ, ತಿನ್ನಲು ಕೇಳ್ತದಾ?"

ಮಸಾಫಿ, ಬಾಟಲಿಯ ಮೇಲೆ ಓದಿ ಗೊತ್ತಿದ್ದ ಊರು.
ಅದರಾಚೆ ವಾದಿ, ಬತ್ತಿದ ಹೊಳೆಯ ಅಂಗೈ;
ನುಣುಪು ಜಲ್ಲಿ, ಎರಡು ಗಾಫ್ ಮರ.
ಜನವರಿ. ನಮ್ಮ ಮೇಲಿನ ಆಕಾಶ ತೊಳೆದಿಟ್ಟ ಪಿಂಗಾಣಿ.
ಚಪ್ಪರದ ಬಟ್ಟೆ ಬಿಚ್ಚಿ ಗೂಟ ಹೊಡೆದೆ,
ಕುರ್ಚಿ ಎರಡು, ಚಾಪೆ ಒಂದು,
ಗಂಜಿ, ಒಣ ಸಿಗಡಿ ಚಟ್ನಿ.

ಆಗ ಬಂದ ಖಲ್ಫಾನ್, ಏಳೆಂಟು ಆಡುಗಳ ಹಿಂದೆ.
ಆಡುಗಳು ನಿಲ್ಲಲಿಲ್ಲ, ದಿಬ್ಬ ಹತ್ತಿದವು.
ಅವನು ಕೋಲಿನಿಂದ ದೂರದ ಬೆಟ್ಟ ತೋರಿಸಿದ:
ಶಿಖರದ ಮೇಲೆ ಮಸಿಯ ಒಂದು ಬೆರಳಚ್ಚು.
"ಸೈಲ್" ಎಂದ.
ನನ್ನದು ಬಸ್ಸಿನ ಅರಬಿ: ಕೂತುಕೋ, ಇಳಿ, ಬೆಲ್ಟು ಹಾಕು.
ಈ ಪದ ಮಕ್ಕಳು ಕಲಿಸಿರಲಿಲ್ಲ.
ಅಂಗೈ ಚಾಚಿ ತೋರಿಸಿದೆ, ಒಂದು ಹನಿಯೂ ಇಲ್ಲವಲ್ಲ ಅಜ್ಜ.
ಅವನು ಕೋಲೆತ್ತಿದ, ನನ್ನ ನೆರಳಿನ ಮರಕ್ಕೆ;
ಕೊಂಬೆಯಲ್ಲಿ, ನನ್ನ ತಲೆಗಿಂತ ಒಂದು ಮಾರು ಮೇಲೆ,
ಒಣ ಕಡ್ಡಿ, ಪ್ಲಾಸ್ಟಿಕ್ಕು, ಒಂದು ಚಪ್ಪಲಿ.

ಚಪ್ಪಲಿ ತಾನಾಗಿ ಮರ ಹತ್ತುವುದಿಲ್ಲ.

ಸೆವ್ರಿನ್ ಗ್ಯಾಸ್ ಬಂದ್ ಮಾಡಿದಳು, ಏನೂ ಕೇಳಲಿಲ್ಲ.
ಗೂಟ ಕೀಳಲು ಬಗ್ಗಿದರೆ
"ಬಿಡಿ ಮಾರಾಯ್ರೆ, ಬಟ್ಟೆ ಅಲ್ವಾ."
ಖಲ್ಫಾನ್ ಓಡಿದ ಆಡುಗಳ ಹಿಂದೆ,
ಬಸ್ಸು ಮೊದಲ ಗೇರಿನಲ್ಲಿ ಅವನ ಹಿಂದೆ.

ನೀರಿಗಿಂತ ಮೊದಲು ಗಾಳಿ ತಣ್ಣಗಾಯಿತು,
ಯಾರೋ ಫ್ರಿಜ್ಜಿನ ಬಾಗಿಲು ತೆರೆದಂತೆ.
ಆಮೇಲೆ ಸದ್ದು, ಕಲ್ಲು ಕಲ್ಲನ್ನು ಜಗಿಯುವ ಸದ್ದು.
ಚಪ್ಪರ ಒಮ್ಮೆ ಹಾಯಿಯಂತೆ ಉಬ್ಬಿ ಮಗುಚಿತು.
ಕುರ್ಚಿಗಳು ಹೋದವು ಒಂದರ ಹಿಂದೊಂದು,
ಸಾಲು ತಪ್ಪಬೇಡಿ ಎಂದು ಯಾರೋ ಗದರಿಸಿದ ಹಾಗೆ.
ಗಂಜಿಯ ಪಾತ್ರೆ ಮಾತ್ರ ಸೆವ್ರಿನಳ ಮಡಿಲಲ್ಲಿತ್ತು.

ಮೇಲಿನ ರಸ್ತೆ ಮುಂದೆ ಮತ್ತೆ ವಾದಿಗೇ ಇಳಿಯುತ್ತದೆ.
ಇಳಿಯುವ ಮೊದಲೇ ನಿಲ್ಲಿಸಿದೆ. ಡಾಂಬರು ಕಾಣೆಯಾಗಿತ್ತು.
ನೀರು ತೆಳ್ಳಗೆ ಕಾಣುತ್ತಿತ್ತು, ಮೊಣಕಾಲಷ್ಟೇ ಎಂದು ನಂಬಿಸುವಂತೆ.
ಹಿಂದೆ ದೀಪಗಳು. ಮಳೆ ನೋಡಲು ಹೊರಟವರು,
ಇಲ್ಲಿ ಮಳೆಯೆಂದರೆ ಹಬ್ಬ.
ಎತ್ತರದ ಗಾಡಿ, ಒಂದು ಕೈಯಲ್ಲಿ ಫೋನು.
ಮೊದಲನೆಯವನು ವೇಗ ಇಳಿಸಲಿಲ್ಲ.

ನನ್ನ ಬೆರಳು ನನ್ನನ್ನು ಕೇಳದೆ
ಆ ಗುಂಡಿಯನ್ನು ಹುಡುಕಿಕೊಂಡು ಹೋಯಿತು.
ಕೆಂಪು ದೀಪ ಕಣ್ಣು ಮಿಟುಕಿಸಿತು.
ಪಕ್ಕೆಯಿಂದ ಕೈ ಚಾಚಿತು ಬಸ್ಸು.

ನಿಂತರು!
ಸಾವಿರ ದಿರ್ಹಮ್ ದಂಡ, ಹತ್ತು ಕಪ್ಪು ಅಂಕ;
ನೀರಿಗೆ ಹೆದರದವರೂ ಅದಕ್ಕೆ ಹೆದರುತ್ತಾರೆ.
ಹಾರ್ನು. ಒಬ್ಬ ಹುಡುಗ ಇಳಿದು ಬಂದು ಕಿಟಕಿಗೆ ಬಡಿದ.
"ಮಕ್ಕಳೆಲ್ಲಿ? ಮಕ್ಕಳಿಲ್ಲದ ಬಸ್ಸಿಗೆ ಬೋರ್ಡು ಯಾಕೆ?"
ಬೊಟ್ಟು ಮಾಡಿದೆ.
ಯಾರದೋ ತೋಟದ ಖರ್ಜೂರದ ಮರ, ಬೇರು ಸಮೇತ,
ರಸ್ತೆಯಿದ್ದ ಜಾಗದಲ್ಲಿ ಅಡ್ಡ ಹಾಯುತ್ತಿತ್ತು;
ಹಿಂದೆಯೇ ಒಂದು ಫ್ರಿಜ್ಜು, ಬಾಗಿಲು ಹಾರುಹೊಡೆದು.
ಅವನು ಮಾತಾಡಲಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ಕೂತ,
ಇನ್ನೂ ತನ್ನ ಸ್ಟಾಪು ಬಾರದ ಮಗುವಿನ ಹಾಗೆ.

ಇದ್ದ ನಾಲ್ಕು ಲೋಟಗಳಲ್ಲಿ ಗಂಜಿ ಸುತ್ತು ಹೋಯಿತು.
ಖಲ್ಫಾನ್ ಕತ್ತಲಲ್ಲಿ ಆಡು ಎಣಿಸುತ್ತಿದ್ದ,
ಪ್ರತಿ ಸಲ ಒಂದು ಕಮ್ಮಿ.
ನಾನು ಎದ್ದು ಹಿಂಬದಿಯವರೆಗೆ ಹೋಗಿ ನೋಡಿ ಬಂದೆ,
ಕೊನೆಯ ಸೀಟಿನಲ್ಲಿ ಯಾರಾದರೂ ನಿದ್ದೆಹೋಗಿ ಉಳಿದಿದ್ದಾರೋ ಎಂದು.
ಸೀಟುಗಳೇ ಇಲ್ಲವೆಂಬುದು ವಾಪಸು ಬಂದು ಕೂತ ಮೇಲೆ ನೆನಪಾಯಿತು.